ನ್ಯೂಯಾರ್ಕೋ, ಶಿಕಾಗೋವೋ? ತೀರ್ಪುಗಾರರ ಮರುವಿಚಾರಣೆ



ಕಳೆದ ಯುಗಾದಿ ಕಾರ್ಯಕ್ರಮಕ್ಕೆ ಬಂದಿದ್ದವರಿಗೆ ನೆನಪಿರಬಹುದು. ಹೋಳಿಗೆ ಊಟಕ್ಕೆ ಮುಂಚೆ ಮಕ್ಕಳ ಚರ್ಚಾಸ್ಪರ್ಧೆ ಇತ್ತು. ವಿಷಯ: ‘ಪ್ರಪಂಚದಲ್ಲಿ ಹೆಚ್ಚು ಹೆಸರು, ಹೆಚ್ಚು ಆಕರ್ಷಣೆ ಇರುವ ಊರು ಯಾವುದು? ನ್ಯೂಯಾರ್ಕೋ, ಶಿಕಾಗೋವೋ?’ ಎರಡೂ ಊರಿನ ನೀರು ಕುಡಿದವರು ಎಂಬ ಒಂದೇ ಅರ್ಹತೆಯ ಮೇಲೆ ತೀರ್ಪುಗಾರರ ಕುರ್ಚಿ ನಮ್ಮ ಪಾಲಿಗೆ ಬಂತು.

ನ್ಯೂಯಾರ್ಕಿನ ಪರ ನಿಂತ ಹುಡುಗಿ ಸ್ವಾತಂತ್ರ್ಯ ದೇವಿಯ ಪ್ರತಿಮೆ, ವಾಲ್ ಸ್ಟ್ರೀಟ್, ವಿಶ್ವಸಂಸ್ಥೆ, ಟೈಮ್ಸ್ ಸ್ಕ್ವೇರ್, ಬ್ರಾಡ್‌ವೇ ಎಂದು ಒಂದೊಂದಾಗಿ ಬೆರಳು ಮಡಿಸುತ್ತಾ ಹೋಗಿ, ಕೊನೆಗೆ ಎರಡೂ ಕೈಯ ಬೆರಳು ಸಾಲದೆ ನಿಂತಳು. ಶಿಕಾಗೋ ಪರ ನಿಂತ ಹುಡುಗ ಮೈಕೆಲ್ ಜೋರ್ಡಾನ್, ದಪ್ಪ ಪಿಜ್ಜಾ, ಮಿಲೇನಿಯಂ ಪಾರ್ಕಿನ ‘ಬೀನ್’ ಇಷ್ಟು ಹೇಳಿ ನೀರು ಕುಡಿದ. ಬಹುಮಾನವನ್ನು ಹುಡುಗಿಗೆ ಕೊಟ್ಟೆವು. ಚಿತ್ರಾನ್ನದ ಸಾಲಿನಲ್ಲಿ ಹುಡುಗನ ತಾಯಿ ನಮ್ಮನ್ನು ಹಿಡಿದು, “ಏನ್ ಡಾಕ್ಟ್ರೇ, ಶಿಕಾಗೋ ಅನ್ನ ತಿಂದು ನ್ಯೂಯಾರ್ಕಿಗೆ ಬಹುಮಾನ ಕೊಟ್ರಲ್ಲಾ!” ಎಂದರು. ಎಲ್ಲರೂ ನಕ್ಕರು, ನಾವೂ ನಕ್ಕೆವು. ಆದರೆ ಮನೆಗೆ ಬಂದ ಮೇಲೂ ಆ ಮಾತು ಬಿಡಲಿಲ್ಲ. ಅದಕ್ಕೇ ಸಂಪಾದಕರಲ್ಲಿ ಎರಡು ಪುಟ ಬೇಡಿಕೊಂಡು ಈ ಮರುವಿಚಾರಣೆ.

ಮೊದಲು ಕೊಟ್ಟ ತೀರ್ಪನ್ನು ಸಮರ್ಥಿಸಿಕೊಳ್ಳುತ್ತೇವೆ. ಹೆಸರಿನ ಮಾತಾದರೆ ನ್ಯೂಯಾರ್ಕ್ ಗೆದ್ದದ್ದು ಸರಿ. 2020ರ ಜನಗಣತಿಯಲ್ಲಿ ನ್ಯೂಯಾರ್ಕಿನಲ್ಲಿ 88 ಲಕ್ಷ ಜನ, ಶಿಕಾಗೋದಲ್ಲಿ 27 ಲಕ್ಷ. ಆದರೆ ಹೆಸರು ತಲೆ ಎಣಿಸಿ ಬರುವುದಿಲ್ಲ. ನಮಗೆ ತೋಚಿದ ಕಾರಣಗಳು ಎರಡು. ಒಂದು, ನ್ಯೂಯಾರ್ಕ್ ಈ ದೇಶದ ಹೆಬ್ಬಾಗಿಲು. ಒಳ್ಳೆಯ ಬಂದರು ಮೊದಲೇ ಇತ್ತು. 1825ರಲ್ಲಿ ಈರಿ ಕಾಲುವೆ ತೆರೆದು ಮಹಾಸರೋವರಗಳ ಸೀಮೆಯ ದವಸಧಾನ್ಯವೆಲ್ಲ ಅಲ್ಲಿಗೇ ಹರಿಯಿತು. 1892ರಿಂದ 1954ರವರೆಗೆ ಎಲ್ಲಿಸ್ ದ್ವೀಪದಲ್ಲಿ ಇಳಿದವರು ಒಂದು ಕೋಟಿ ಇಪ್ಪತ್ತು ಲಕ್ಷ ಜನ. ಅವರೆಲ್ಲ ಇಟಲಿಗೆ, ಪೋಲೆಂಡಿಗೆ, ರಷ್ಯಾಕ್ಕೆ ಬರೆದ ಮೊದಲ ಕಾಗದದಲ್ಲಿ ಮೊದಲು ಬಂದ ಊರಿನ ಹೆಸರು ಯಾವುದಿದ್ದೀತು? ಹೊಸ್ತಿಲು ದಾಟುವಾಗ ಕಂಡದ್ದನ್ನು ಯಾರೂ ಮರೆಯುವುದಿಲ್ಲ.

ಎರಡನೆಯದು, ಕಥೆ ಹೇಳುವ ಬಾಯಿ ಆ ಊರಿನಲ್ಲಿದೆ. ದೊಡ್ಡ ಪುಸ್ತಕ ಪ್ರಕಾಶಕರು, ವಾರಪತ್ರಿಕೆಗಳು, ಅಸೋಸಿಯೇಟೆಡ್ ಪ್ರೆಸ್ಸು, ಎನ್‌ಬಿಸಿ, ಸಿಬಿಎಸ್ ಎಲ್ಲದರ ಮುಖ್ಯ ಕಚೇರಿ ಅಲ್ಲಿಯೇ. ತಮ್ಮ ಕಿಟಕಿಯಿಂದ ಕಂಡದ್ದನ್ನೇ ಅವರು ಪ್ರಪಂಚಕ್ಕೆ ಹೇಳಿದರೆ ಅದು ಮನುಷ್ಯ ಸಹಜ. ಟೈಮ್ಸ್ ಸ್ಕ್ವೇರಿನಲ್ಲಿ 1907ರಿಂದ ಹೊಸವರ್ಷಕ್ಕೆ ಒಂದು ಗೋಲಿ ಕೆಳಗಿಳಿಯುತ್ತದೆ. ಅದನ್ನು ದಾವಣಗೆರೆಯಲ್ಲಿ ಕೂತವರೂ ಟಿವಿಯಲ್ಲಿ ನೋಡುತ್ತಾರೆ. ಶಿಕಾಗೋದಲ್ಲಿ ಹೊಸವರ್ಷ ಬರುವುದು ಸರಿಯಾಗಿ ಒಂದು ಗಂಟೆ ತಡವಾಗಿ. ಅಷ್ಟು ಹೊತ್ತಿಗೆ ಪ್ರಪಂಚ ಟಿವಿ ಆರಿಸಿ ಮಲಗಿರುತ್ತದೆ!

ನಮಗೂ ನ್ಯೂಯಾರ್ಕಿನ ಋಣವಿದೆ, ಮರೆತಿಲ್ಲ. ದಾವಣಗೆರೆಯಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ 1996ರಲ್ಲಿ ರೆಸಿಡೆನ್ಸಿಗೆ ಬಂದಿಳಿದದ್ದು ಅಲ್ಲಿಗೇ. ಮೂವತ್ತಾರು ಗಂಟೆ ಡ್ಯೂಟಿ ಮುಗಿಸಿ ಯಾವ ಅಪರಾತ್ರಿಯಲ್ಲಿ ಹೊರಗೆ ಬಿದ್ದರೂ ಸಬ್‌ವೇ ಇರುತ್ತಿತ್ತು. ಫ್ಲಶಿಂಗಿನ ಗಣೇಶನ ಗುಡಿಯ ಕ್ಯಾಂಟೀನಿನಲ್ಲಿ ದೋಸೆ ತಿಂದು ಊರು ನೆನೆದು ಕಣ್ಣೀರು ಹಾಕಿದ್ದೂ ಉಂಟು. 2001ರ ಸೆಪ್ಟೆಂಬರ್ 11ರಂದು ಆ ಊರಿನ ಮೇಲೆ ಬಿದ್ದ ಏಟನ್ನು ಶಿಕಾಗೋ ಆಸ್ಪತ್ರೆಯ ಲೌಂಜಿನಲ್ಲಿ ನಿಂತು ನೋಡಿದಾಗ, ನಮ್ಮದೇ ಮನೆ ಕುಸಿದಂತಾಯಿತು. ಆದ್ದರಿಂದ ಇದು ಹೊಟ್ಟೆಯುರಿಯ ಬರಹವಲ್ಲ.

ಆದರೆ ಇಲ್ಲಿ ಒಂದು ಗುಟ್ಟು ಹೇಳಬೇಕು. ರೆಸಿಡೆನ್ಸಿ ಸೀಟು ಹಂಚುವ ‘ಮ್ಯಾಚ್’ಗೆ ಊರುಗಳ ಪಟ್ಟಿ ಕೊಡುವಾಗ ನಾವು ನ್ಯೂಯಾರ್ಕನ್ನು ಮೊದಲು, ಶಿಕಾಗೋವನ್ನು ಎರಡನೆಯದಾಗಿ ಬರೆದಿದ್ದೆವು. ಆಸ್ಪತ್ರೆಗಳನ್ನು ತೂಗಿ ನೋಡಿ ಬರೆದದ್ದಲ್ಲ. ಊರಲ್ಲಿ ಯಾರಾದರೂ ಕೇಳಿದರೆ ತಂದೆಯವರಿಗೆ ಹೇಳಿಕೊಳ್ಳಲು ಹೆಸರು ದೊಡ್ಡದಿರಲಿ ಎಂದು! ತಂದೆಯವರು ಹರಿಹರದ ಹತ್ತಿರದ ಹಳ್ಳಿಯೊಂದರ ಶಾಲೆಯಲ್ಲಿ ಮೇಷ್ಟ್ರಾಗಿದ್ದವರು. ಸೀಟು ಸಿಕ್ಕ ಸುದ್ದಿ ತಿಳಿಸಿ ಕಾಗದ ಬರೆದರೆ ಮೂರು ವಾರದ ಮೇಲೆ ಬಂದ ಉತ್ತರದಲ್ಲಿ ಆಶೀರ್ವಾದದ ಕೆಳಗೆ ಒಂದೇ ಸಾಲು: “ಚಿಕಾಗೋದಲ್ಲಿ ಸಿಗಲಿಲ್ಲವೇ?”

ಅವರಿಗೆ ಅದು ಕೊನೆಯವರೆಗೂ ಚಿಕಾಗೋ. ಶಾಲೆಯ ಪುಸ್ತಕದಲ್ಲಿ ಇದ್ದ ಚಿಕಾಗೋ. 1893ರ ಸೆಪ್ಟೆಂಬರ್ 11ರಂದು ವಿವೇಕಾನಂದರು ಎದ್ದು ನಿಂತು ಮಾತಾಡಿದ ಚಿಕಾಗೋ. ಆ ಹಿಂದಿನ ವರ್ಷವಷ್ಟೇ ಸ್ವಾಮೀಜಿ ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರ ಅತಿಥಿಯಾಗಿದ್ದರು ಎಂಬುದನ್ನು ತಂದೆಯವರು ಪ್ರತಿವರ್ಷ ಮಕ್ಕಳಿಗೆ ಹೇಳುತ್ತಿದ್ದರು. ಮೂರು ದಶಕ ಅವರ ಮುಂದೆ ಕೂತು ಪಾಠ ಕೇಳಿದ ಹಳ್ಳಿಯ ಮಕ್ಕಳಿಗೆ ಅಮೆರಿಕದಲ್ಲಿ ಗೊತ್ತಿದ್ದ ಊರು ಅದೊಂದೇ. ಅಂದರೆ ‘ಪ್ರಪಂಚ’ ಎಂದು ನಾವು ಸಲೀಸಾಗಿ ಹೇಳುವ ಪ್ರಪಂಚ ಒಂದಲ್ಲ. ಯಾರನ್ನು ಕೇಳುತ್ತೀರಿ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಯುಗಾದಿಯಂದು ಈ ಪ್ರಶ್ನೆಯನ್ನು ಸ್ಪರ್ಧೆಯ ಮಕ್ಕಳೂ ಕೇಳಲಿಲ್ಲ, ತೀರ್ಪುಗಾರರಾದ ನಾವೂ ಕೇಳಲಿಲ್ಲ. ಅದು ನಮ್ಮ ತೀರ್ಪಿನ ಮೊದಲ ದೋಷ.

ಎರಡನೆಯ ದೋಷ ಇನ್ನೂ ದೊಡ್ಡದು. ಶಿಕಾಗೋ ಏನು ಮಾಡಿದೆ ಎಂದು ಹುಡುಗ ಹೇಳಲಿಲ್ಲ ನಿಜ. ಆದರೆ ಶಿಕಾಗೋ ಮಾಡಿದ್ದಕ್ಕೆ ಹೆಸರು ಬೇರೆ ಕಡೆ ಹೋದ ಬಗೆಯೇ ಒಂದು ಕಥೆ.

ಈ ಊರು ನಗರಸಭೆಯಾದದ್ದು 1837ರಲ್ಲಿ, ಆಗ ಇಲ್ಲಿದ್ದದ್ದು ಸುಮಾರು ನಾಲ್ಕು ಸಾವಿರ ಜನ. 1871ರ ಬೆಂಕಿಯಲ್ಲಿ ಸುಮಾರು ಮುನ್ನೂರು ಜನ ಸತ್ತರು, ಒಂದು ಲಕ್ಷ ಜನ ಮನೆ ಕಳೆದುಕೊಂಡರು. ಅದಾಗಿ ಇಪ್ಪತ್ತೇ ವರ್ಷಕ್ಕೆ, 1890ರ ಗಣತಿಯಲ್ಲಿ, ಹತ್ತು ಲಕ್ಷ ದಾಟಿ ದೇಶದ ಎರಡನೆಯ ಊರಾಯಿತು. ಅದೇ ವರ್ಷ ಕೊಲಂಬಸ್ ಮೇಳ ಯಾವ ಊರಿಗೆ ಎಂಬ ಜಗಳದಲ್ಲಿ ನ್ಯೂಯಾರ್ಕನ್ನು ಸೋಲಿಸಿತು. 1893ರಲ್ಲಿ ಆರು ತಿಂಗಳು ನಡೆದ ಮೇಳಕ್ಕೆ ಎರಡೂಮುಕ್ಕಾಲು ಕೋಟಿಯಷ್ಟು ಟಿಕೆಟ್ಟು ಹರಿದವು. ಮೊದಲ ಫೆರಿಸ್ ವ್ಹೀಲ್ ತಿರುಗಿದ್ದು ಅಲ್ಲೇ, 264 ಅಡಿ ಎತ್ತರಕ್ಕೆ. ನಮ್ಮ ದುಗ್ಗಮ್ಮನ ಜಾತ್ರೆಯಲ್ಲಿ ಜಯಂಟ್ ವ್ಹೀಲ್ ಹತ್ತಿ ಕಿರುಚಿದ ನಮಗೆ ಅದರ ತವರುಮನೆ ಗೊತ್ತಿರಲಿಲ್ಲ. ಶಿಕಾಗೋಗೆ ‘ಗಾಳಿಯ ಊರು’ ಎಂಬ ಅಡ್ಡಹೆಸರು ಕೊಟ್ಟವನು ಆ ಮೇಳದ ಜಗಳದಲ್ಲಿ ಒಬ್ಬ ನ್ಯೂಯಾರ್ಕ್ ಸಂಪಾದಕ ಎಂದು ಬಹಳ ಕಾಲ ಹೇಳುತ್ತಿದ್ದರು. ಆ ಹೆಸರು ಅದಕ್ಕೂ ಎಷ್ಟೋ ವರ್ಷ ಮುಂಚೆ ಪತ್ರಿಕೆಗಳಲ್ಲಿ ಬಳಕೆಯಲ್ಲಿತ್ತೆಂದು ಆಮೇಲೆ ಗೊತ್ತಾಯಿತು. ನೋಡಿ, ಬೈಗುಳದ ಕೀರ್ತಿಯೂ ನ್ಯೂಯಾರ್ಕಿಗೇ!

ಗಗನಚುಂಬಿಗಳ ವಿಷಯಕ್ಕೆ ಬನ್ನಿ. ಉಕ್ಕಿನ ಅಸ್ಥಿಪಂಜರದ ಮೇಲೆ ಎತ್ತರಕ್ಕೆ ಕಟ್ಟಿದ ಕಟ್ಟಡಗಳಲ್ಲಿ ಮೊದಲನೆಯದೆಂದು ಬಹುಕಾಲ ಎಣಿಸಿದ ಹೋಮ್ ಇನ್ಶೂರೆನ್ಸ್ ಕಟ್ಟಡ ಎದ್ದದ್ದು 1885ರಲ್ಲಿ ಇಲ್ಲಿ. ಕಟ್ಟಿಸಿದ ವಿಮೆ ಕಂಪನಿ ಮಾತ್ರ ನ್ಯೂಯಾರ್ಕಿನದು. ಅದನ್ನು ಕೆಡವಿದ್ದು 1931ರಲ್ಲಿ. ಅದೇ 1931ರಲ್ಲಿ ನ್ಯೂಯಾರ್ಕಿನಲ್ಲಿ ಎಂಪೈರ್ ಸ್ಟೇಟ್ ಕಟ್ಟಡ ಬಾಗಿಲು ತೆರೆಯಿತು. ಎರಡು ವರ್ಷದಲ್ಲಿ ಸಿನಿಮಾದ ಕಿಂಗ್ ಕಾಂಗ್ ಅದನ್ನು ಹತ್ತಿದ ಮೇಲೆ ಗಗನಚುಂಬಿ ಎಂದರೆ ನ್ಯೂಯಾರ್ಕ್ ಎಂದಾಯಿತು.

ಶಿಕಾಗೋ ಸುಮ್ಮನೆ ಕೂರಲಿಲ್ಲ. ಢಾಕಾದಲ್ಲಿ ಹುಟ್ಟಿದ ಇಂಜಿನಿಯರ್ ಫಜ್ಲುರ್ ರಹಮಾನ್ ಖಾನರು, ಕೊಳವೆಗಳನ್ನು ಕಟ್ಟುಕಟ್ಟಿ ನಿಲ್ಲಿಸಿದಂಥ ವಿನ್ಯಾಸದಲ್ಲಿ 1,450 ಅಡಿಯ ಸಿಯರ್ಸ್ ಟವರನ್ನು ಎಬ್ಬಿಸಿದರು. 1970ರ ದಶಕದಿಂದ 1998ರವರೆಗೆ ಪ್ರಪಂಚಕ್ಕೇ ಎತ್ತರದ ಕಟ್ಟಡ ಅದು. 2009ರಲ್ಲಿ ಅದರ ಹೆಸರೂ ವಿಲ್ಲಿಸ್ ಟವರ್ ಎಂದು ಬದಲಾಯಿತು. ಆಮೇಲೆ 2013ರಲ್ಲಿ ನ್ಯೂಯಾರ್ಕಿನ ಹೊಸ ವರ್ಲ್ಡ್ ಟ್ರೇಡ್ ಕಟ್ಟಡದ ಎತ್ತರ ಅಳೆಯುವ ಪ್ರಶ್ನೆ ಬಂತು. ಅದರ ಛಾವಣಿ 1,368 ಅಡಿ, ಅಂದರೆ ವಿಲ್ಲಿಸ್ ಟವರಿಗಿಂತ ತಗ್ಗು. ತುದಿಯ ಕಂಬ ಸೇರಿಸಿದರೆ 1,776 ಅಡಿ. ಕಂಬವನ್ನೂ ಸೇರಿಸಬಹುದು ಎಂದು ತೀರ್ಪು ಕೊಟ್ಟ ಎತ್ತರದ ಕಟ್ಟಡಗಳ ಪರಿಷತ್ತಿನ ಕಚೇರಿ ಇದ್ದದ್ದು ಶಿಕಾಗೋದಲ್ಲೇ! ನಮ್ಮ ಕ್ಲಿನಿಕ್ಕಿನಲ್ಲಿ ಎತ್ತರ ಅಳೆಯುವಾಗ ಜುಟ್ಟನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಲ್ಲಿ ಹಿಡಿದರು. ಶಿಕಾಗೋ ಅನ್ನ ತಿಂದು ನ್ಯೂಯಾರ್ಕಿಗೆ ಬಹುಮಾನ ಕೊಟ್ಟ ತೀರ್ಪುಗಾರರು ನಾವೇ ಮೊದಲಲ್ಲ ಎಂದು ಆ ತಾಯಿಗೆ ತಿಳಿಸಬಯಸುತ್ತೇವೆ.

ಇಂಥವು ಇನ್ನೂ ಇವೆ. 1952ರಲ್ಲಿ ಎ. ಜೆ. ಲೀಬ್ಲಿಂಗ್ ಎಂಬ ನ್ಯೂಯಾರ್ಕ್ ಲೇಖಕ ಶಿಕಾಗೋವನ್ನು ‘ಎರಡನೆಯ ಊರು’ ಎಂದು ಹೀಗಳೆದು ಪುಸ್ತಕ ಬರೆದ. ಈ ಊರಿನ ಹಾಸ್ಯನಟರು ಸಿಟ್ಟಾಗದೆ 1959ರಲ್ಲಿ ಅದೇ ಹೆಸರಿನಲ್ಲಿ ‘ಸೆಕೆಂಡ್ ಸಿಟಿ’ ರಂಗಮಂದಿರ ತೆರೆದರು. ಅಲ್ಲಿ ಪಳಗಿದ ಜಾನ್ ಬೆಲೂಶಿ, ಬಿಲ್ ಮರ್ರಿ, ಟೀನಾ ಫೇ ಮುಂತಾದವರು ನ್ಯೂಯಾರ್ಕಿನ ‘ಸ್ಯಾಟರ್‌ಡೇ ನೈಟ್ ಲೈವ್’ ಸೇರಿ ಮನೆಮಾತಾದರು. ಅಡಿಗೆ ಇಲ್ಲಿ, ಬಡಿಸಿದ್ದು ಅಲ್ಲಿ. 2008ರ ‘ದಿ ಡಾರ್ಕ್ ನೈಟ್’ ಚಿತ್ರದ ಬೀದಿಗಳು ಬಹುಪಾಲು ಶಿಕಾಗೋದವು. ಆದರೆ ಕಥೆಯಲ್ಲಿ ಊರಿನ ಹೆಸರು ಗಾಥಮ್, ಆ ಗಾಥಮ್ ಎಂಬುದು ನ್ಯೂಯಾರ್ಕಿನ ಹಳೆಯ ಅಡ್ಡಹೆಸರು. ಇನ್ನು 1994ರ ಸೆಪ್ಟೆಂಬರಿನ ಒಂದೇ ವಾರದಲ್ಲಿ ಎನ್‌ಬಿಸಿಯಲ್ಲಿ ಶುರುವಾದ ಎರಡು ಧಾರಾವಾಹಿಗಳು: ‘ಫ್ರೆಂಡ್ಸ್’ ಮತ್ತು ‘ಇ.ಆರ್.’ ಎರಡನ್ನೂ ಹೆಚ್ಚಾಗಿ ಚಿತ್ರಿಸಿದ್ದು ಕ್ಯಾಲಿಫೋರ್ನಿಯಾದಲ್ಲಿ. ಆದರೆ ನ್ಯೂಯಾರ್ಕಿನ ಪಾಲಿಗೆ ಸೋಫಾ ಮೇಲೆ ಕಾಫಿ, ಶಿಕಾಗೋ ಪಾಲಿಗೆ ಸ್ಟ್ರೆಚರ್ ಮೇಲೆ ರಕ್ತ!

ಆ ರಕ್ತದ ಮಾತನ್ನು ನಗೆಯಲ್ಲಿ ತೇಲಿಸಿ ಬಿಡಬಾರದು. ನಾವು ವಿದೇಶಕ್ಕೆ ಹೋದಾಗ ಶಿಕಾಗೋದವರು ಎಂದರೆ ಟ್ಯಾಕ್ಸಿಯವನು ಸ್ಟಿಯರಿಂಗ್ ಬಿಟ್ಟು ಎರಡೂ ಕೈಯಲ್ಲಿ ಮೆಷೀನ್ ಗನ್ ಹಿಡಿದಂತೆ ಮಾಡಿ ತೋರಿಸುತ್ತಾನೆ. 1931ರಲ್ಲಿ ತೆರಿಗೆ ತಪ್ಪಿಸಿದ್ದಕ್ಕೆ ಶಿಕ್ಷೆಯಾದ ಅಲ್ ಕಪೋನ್ ಇನ್ನೂ ಈ ಊರಿನ ರಾಯಭಾರಿ. ಅವನು ಹುಟ್ಟಿ ಬೆಳೆದದ್ದು ಬ್ರೂಕ್ಲಿನ್ನಿನಲ್ಲಿ ಎಂದು ಹೇಳಿದರೆ ಯಾರೂ ಕೇಳಿಸಿಕೊಳ್ಳುವುದಿಲ್ಲ. ಆದರೆ ಇವತ್ತಿನ ಸಾವುಗಳನ್ನು ಅವನ ತಲೆಗೆ ಕಟ್ಟಲು ಬರುವುದಿಲ್ಲ. 1990ರಲ್ಲಿ ನ್ಯೂಯಾರ್ಕಿನಲ್ಲಿ 2,200ಕ್ಕೂ ಹೆಚ್ಚು ಕೊಲೆಗಳಾದವು. 2021ರಲ್ಲಿ ಅದು 500ಕ್ಕಿಂತ ಕೆಳಗಿತ್ತು. ಅದೇ 2021ರಲ್ಲಿ, ಅದರ ಮೂರನೆಯ ಒಂದು ಪಾಲು ಜನರಿರುವ ಶಿಕಾಗೋದಲ್ಲಿ, ಸುಮಾರು 800. ಇದು ಯಾವ ಪತ್ರಿಕೆಯೂ ಹುಟ್ಟಿಸಿದ ಅಪಖ್ಯಾತಿಯಲ್ಲ. ಗುಂಡು ತಗುಲಿದ ಹತ್ತೊಂಬತ್ತರ ಹುಡುಗನ ತಾಯಿಗೆ ಮುಂಜಾವ ನಾಲ್ಕಕ್ಕೆ ಸುದ್ದಿ ಹೇಳಿದ ವೈದ್ಯರು ಊರಿನ ವಕಾಲತ್ತು ವಹಿಸುವಾಗ ಅದನ್ನು ಮುಚ್ಚಿಡಲಾರರು. ದಕ್ಷಿಣ ಮತ್ತು ಪಶ್ಚಿಮ ಭಾಗದ ಕೆಲವೇ ಬಡಾವಣೆಗಳ ಮೇಲೆ ಆ ಭಾರ ಬೀಳುತ್ತದೆ. ನಾವು ಉಪನಗರದ ಹುಲ್ಲುಹಾಸಿನ ಮನೆಗಳಲ್ಲಿದ್ದು, ಹೆಮ್ಮೆಗೆ ‘ನಮ್ಮ ಶಿಕಾಗೋ’ ಎನ್ನುತ್ತೇವೆ, ಗುಂಡಿನ ಸುದ್ದಿ ಬಂದಾಗ ‘ಅದು ಸಿಟಿ, ನಾವಿರುವುದು ಸಬರ್ಬ್’ ಎನ್ನುತ್ತೇವೆ. ಹೆಸರು ಬೇಕಾದವರು ಕಷ್ಟವನ್ನೂ ತಮ್ಮದೆನ್ನಬೇಕು. ಇಲ್ಲದಿದ್ದರೆ ಸುಮ್ಮನಿರಬೇಕು.

ಹೆಸರನ್ನು ಪಕ್ಕಕ್ಕಿಟ್ಟು ಕೆಲಸವನ್ನು ಎಣಿಸಿದರೆ ಶಿಕಾಗೋ ಮನೆಮನೆಯಲ್ಲೂ ಇದೆ. ವೈದ್ಯರಾಗಿ ಎರಡು ಉದಾಹರಣೆ ಕೊಡುತ್ತೇವೆ. 1937ರಲ್ಲಿ ಇಲ್ಲಿನ ಕುಕ್ ಕೌಂಟಿ ಆಸ್ಪತ್ರೆಯಲ್ಲಿ ಡಾ. ಬರ್ನಾರ್ಡ್ ಫಾಂಟಸ್ ದಾನಿಗಳ ರಕ್ತವನ್ನು ಕೂಡಿಟ್ಟು ಬೇಕಾದಾಗ ಕೊಡುವ ವ್ಯವಸ್ಥೆ ಮಾಡಿ ಅದಕ್ಕೆ ‘ಬ್ಲಡ್ ಬ್ಯಾಂಕ್’ ಎಂದು ಹೆಸರಿಟ್ಟರು. ಇಂದು ನಮ್ಮ ಜಿಲ್ಲಾ ಆಸ್ಪತ್ರೆಯ ಬೋರ್ಡಿನಲ್ಲೂ ಆ ಎರಡು ಶಬ್ದಗಳಿವೆ. ಎರಡನೆಯದು ನದಿ. ಊರಿನ ಕೊಳಚೆ ನದಿಗೆ, ನದಿ ಸರೋವರಕ್ಕೆ, ಸರೋವರದ ನೀರು ಮತ್ತೆ ಕೊಳಾಯಿಗೆ. ಟೈಫಾಯಿಡು ಬಾರದೆ ಇನ್ನೇನು ಬಂದೀತು? 28 ಮೈಲಿ ಕಾಲುವೆ ತೋಡಿ 1900ರ ಜನವರಿಯಲ್ಲಿ ನದಿಯನ್ನೇ ಹಿಮ್ಮುಖ ಹರಿಸಿದರು. ಕೆಳಗಿನ ಸೇಂಟ್ ಲೂಯಿಸಿನವರು ‘ನಿಮ್ಮ ಹೊಲಸು ನಮಗೇಕೆ’ ಎಂದರು. ಅವರ ರಾಜ್ಯ ಸುಪ್ರೀಂ ಕೋರ್ಟಿಗೆ ಹೋಗಿ 1906ರಲ್ಲಿ ಸೋತಿತು. ಮಾಡಿದ್ದೆಲ್ಲ ಧರ್ಮವೆಂದು ನಾವು ಹೇಳುವುದಿಲ್ಲ. ಧೈರ್ಯವಂತೂ ಹೌದು.

ಮತ್ತೊಂದು ದಾವಣಗೆರೆಯ ನೆನಪು. ಕಾಟನ್ ಮಿಲ್ಲುಗಳ ಆ ಊರಿನಲ್ಲಿ ಮೇ ಒಂದರಂದು ಕೆಂಪು ಬಾವುಟದ ಮೆರವಣಿಗೆ ಹೋಗುವುದನ್ನು ಹಾಸ್ಟೆಲಿನ ಗೇಟಿನಲ್ಲಿ ನಿಂತು ನೋಡುತ್ತಿದ್ದೆವು. ಆ ದಿನ ಎಲ್ಲಿಂದ ಬಂತು? 1886ರ ಮೇ ಒಂದರಂದು ಎಂಟು ಗಂಟೆಯ ಕೆಲಸ ಕೇಳಿ ಶಿಕಾಗೋದಲ್ಲಿ ಕಾರ್ಮಿಕರು ಬೀದಿಗಿಳಿದರು. ಮೇ ನಾಲ್ಕರಂದು ಹೇಮಾರ್ಕೆಟ್ಟಿನಲ್ಲಿ ಬಾಂಬು ಬಿತ್ತು, ಗೋಲಿಬಾರಾಯಿತು. ಮುಂದಿನ ವರ್ಷ ನಾಲ್ವರನ್ನು ಗಲ್ಲಿಗೆ ಹಾಕಿದರು. 1889ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ಕಾರ್ಮಿಕ ಸಮ್ಮೇಳನ ಮೇ ಒಂದನ್ನು ಪ್ರಪಂಚದ ದಿನವಾಗಿಸಿತು. ಕರ್ನಾಟಕದಲ್ಲಿ ಅಂದು ಸರ್ಕಾರಿ ರಜೆ. ಶಿಕಾಗೋದಲ್ಲಿ ರಜೆಯಿಲ್ಲ, ನಾವು ಅಂದೂ ಎಂಟು ಗಂಟೆ ಮೀರಿಯೇ ಕೆಲಸ ಮಾಡುತ್ತೇವೆ!

ಕೊನೆಯ ಸಾಕ್ಷಿ ನಮ್ಮ ವಿರುದ್ಧವೇ. 1999ರಲ್ಲಿ ನಾವು ಈ ಊರಿಗೆ ಬಂದ ಹೊಸತರಲ್ಲಿ ಹೈಡ್ ಪಾರ್ಕಿನಿಂದ ಬರುತ್ತಿದ್ದ ವಯಸ್ಸಾದ ಅಮೆರಿಕನ್ ರೋಗಿಯೊಬ್ಬರು, ನಮ್ಮ ಮಾತೃಭಾಷೆ ಕನ್ನಡ ಎಂದು ತಿಳಿದು, “ಓಹೋ, ರಾಮಾನುಜನ್ ಅವರ ಕನ್ನಡ!” ಎಂದರು. ನಾವು ಗಣಿತದ ರಾಮಾನುಜನ್ ಎಂದುಕೊಂಡು, ಅವರು ತಮಿಳರು ಎಂದು ತಿದ್ದಹೋದೆವು. ರೋಗಿ ನಕ್ಕು ನಮ್ಮನ್ನು ತಿದ್ದಿದರು. ಅವರು ಹೇಳಿದ್ದು ಮೈಸೂರಿನಲ್ಲಿ ಹುಟ್ಟಿದ ಎ. ಕೆ. ರಾಮಾನುಜನ್. 1960ರ ದಶಕದ ಆರಂಭದಿಂದ 1993ರಲ್ಲಿ ತೀರಿಕೊಳ್ಳುವವರೆಗೆ ಶಿಕಾಗೋ ವಿಶ್ವವಿದ್ಯಾಲಯದಲ್ಲಿದ್ದವರು. ಬಸವಣ್ಣ, ದಾಸಿಮಯ್ಯ, ಅಕ್ಕಮಹಾದೇವಿ, ಅಲ್ಲಮರ ವಚನಗಳನ್ನು 1973ರ ‘ಸ್ಪೀಕಿಂಗ್ ಆಫ್ ಶಿವ’ದಲ್ಲಿ, ಅನಂತಮೂರ್ತಿಯವರ ‘ಸಂಸ್ಕಾರ’ವನ್ನು 1976ರಲ್ಲಿ ಇಂಗ್ಲಿಷಿಗೆ ತಂದದ್ದು ಅವರು ಇಲ್ಲಿ ಅಧ್ಯಾಪಕರಾಗಿದ್ದ ವರ್ಷಗಳಲ್ಲಿ. ‘ಕುಂಟೋಬಿಲ್ಲೆ’ಯಂಥ ಕನ್ನಡ ಕವನ ಸಂಕಲನ ಬಂದದ್ದೂ ಆಗಲೇ. ‘ಸಂಸ್ಕಾರ’ವನ್ನು ಕಾಲೇಜಿನಲ್ಲಿ ಓದಿದ್ದ ನಮಗೆ ಅದು ಹೊರಪ್ರಪಂಚಕ್ಕೆ ಹೋದ ದಾರಿ ಶಿಕಾಗೋದ್ದು ಎಂದು ತಿಳಿಸಲು ರಕ್ತದೊತ್ತಡ ಅಳೆಸಿಕೊಳ್ಳಲು ಬಂದ ರೋಗಿ ಬೇಕಾಯಿತು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ವೈದ್ಯರಿಗೇ ಅನ್ವಯಿಸಿತು.

ಈಗ ಹೇಳಿ, ಆ ಹುಡುಗನಿಗೆ ಬಹುಮಾನ ತಪ್ಪಿದ್ದು ಯಾರ ದೋಷ? ಅವನಿಗೆ ಪಿಜ್ಜಾ ಗೊತ್ತಿತ್ತು, ಏಕೆಂದರೆ ಅದನ್ನು ನಾವು ಕೊಡಿಸಿದ್ದೆವು. ಬೀನ್ ಗೊತ್ತಿತ್ತು, ಏಕೆಂದರೆ ಊರಿಂದ ಬಂದ ಅಜ್ಜಿ ತಾತಂದಿರನ್ನೆಲ್ಲ ಅದರ ಮುಂದೆ ನಿಲ್ಲಿಸಿ ಫೋಟೋ ಹಿಡಿದಿದ್ದೆವು. ಅದನ್ನು ಮಾಡಿದ ಅನೀಶ್ ಕಪೂರ್ ಮುಂಬಯಿಯಲ್ಲಿ ಹುಟ್ಟಿದವರು ಎಂದು ಹೇಳಲಿಲ್ಲ. ಕಾರು ತಿರುಗಿಸಿ ಹೈಡ್ ಪಾರ್ಕಿಗೆ ಕರೆದೊಯ್ದು, ‘ವಚನಗಳನ್ನು ಇಂಗ್ಲಿಷಿಗೆ ತಂದ ಮೇಷ್ಟ್ರು ಪಾಠ ಹೇಳಿದ್ದು ಇಲ್ಲಿ ಮಗು’ ಎಂದು ತೋರಿಸಲಿಲ್ಲ. ನ್ಯೂಯಾರ್ಕ್ ತನ್ನ ಕಥೆಯನ್ನು ತಾನೇ ಹೇಳಿಕೊಳ್ಳುತ್ತದೆ ಎಂದು ಮೇಲೆ ಬರೆದೆವಲ್ಲ, ಅದನ್ನು ದೂರಾಗಿ ಓದಬೇಡಿ. ತಮ್ಮ ಊರಿನ ಕಥೆ ಹೇಳುವವರು ಅಲ್ಲಿದ್ದಾರೆ. ಇಲ್ಲಿ ನಾವು ಹೇಳುತ್ತಿಲ್ಲ.

ತಂದೆಯವರು ಬಂದದ್ದು 2003ರ ಬೇಸಿಗೆಯಲ್ಲಿ. ನ್ಯೂಯಾರ್ಕನ್ನೂ ತೋರಿಸಿದೆವು, ‘ಚೆನ್ನಾಗಿದೆ, ಗಲಾಟೆ ಜಾಸ್ತಿ’ ಎಂದರು. ಶಿಕಾಗೋದಲ್ಲಿ ಮಿಷಿಗನ್ ಅವೆನ್ಯೂವಿನ ಆರ್ಟ್ ಇನ್‌ಸ್ಟಿಟ್ಯೂಟಿಗೆ ಹೋದೆವು. ಸರ್ವಧರ್ಮ ಸಮ್ಮೇಳನ ನಡೆದದ್ದು ಆ ಕಟ್ಟಡದಲ್ಲೇ, ಆದರೆ ಆ ಸಭಾಂಗಣ ಈಗ ಹಾಗೆ ಉಳಿದಿಲ್ಲ ಎಂದು ಹೇಳಿದೆವು. ಅವರು ಕೇಳಿಸಿಕೊಂಡರು. ಸಿಂಹಗಳ ಪಕ್ಕದ ಮೆಟ್ಟಿಲ ಕೆಳಗೆ ನಿಂತು, ಬಗ್ಗಿ, ಷೂಸಿನ ಲೇಸು ಬಿಚ್ಚತೊಡಗಿದರು. ಪಕ್ಕದಲ್ಲಿ ಶಾಲಾ ಮಕ್ಕಳ ಗುಂಪು ಬೆರಗಾಗಿ ನೋಡುತ್ತಿತ್ತು. “ಅಪ್ಪಾ, ಇದು ಮ್ಯೂಸಿಯಂ, ಇಲ್ಲಿ ಬಿಚ್ಚಬೇಕಿಲ್ಲ” ಎಂದು ನಾಚಿಕೆಯಿಂದ ಪಿಸುಗುಟ್ಟಿದೆವು. “ನಿನಗೆ ಮ್ಯೂಸಿಯಮ್ಮು ಕಣಪ್ಪ” ಎಂದು ಕಾಲುಚೀಲದಲ್ಲೇ ನಾಲ್ಕು ಮೆಟ್ಟಿಲು ಹತ್ತಿ ಕೈಮುಗಿದರು. ನಾವು ಷೂಸು ಹಿಡಿದು ಕೆಳಗೆ ನಿಂತಿದ್ದೆವು.

ಆದ್ದರಿಂದ ಮರುವಿಚಾರಣೆಯ ತೀರ್ಪು ಹೀಗಿದೆ: ಬಹುಮಾನ ಹುಡುಗಿಗೇ ಉಳಿಯುತ್ತದೆ, ಮಗು ಕಷ್ಟಪಟ್ಟು ಓದಿಕೊಂಡು ಬಂದಿತ್ತು. ಹುಡುಗನಿಗೆ ನಮ್ಮ ಖರ್ಚಿನಲ್ಲಿ ‘ಸ್ಪೀಕಿಂಗ್ ಆಫ್ ಶಿವ’ದ ಒಂದು ಪ್ರತಿ. ದಂಡ ನಮಗೆ, ಹಿರಿಯರಿಗೆ: ಬರುವ ಸೆಪ್ಟೆಂಬರಿನ ಒಂದು ಶನಿವಾರ ಮಕ್ಕಳನ್ನು ಕೂರಿಸಿಕೊಂಡು ಹೇಮಾರ್ಕೆಟ್, ಆರ್ಟ್ ಇನ್‌ಸ್ಟಿಟ್ಯೂಟು, ಹೈಡ್ ಪಾರ್ಕ್ ಮೂರನ್ನೂ ಸುತ್ತಿಸುವುದು. ಎರಡು ವ್ಯಾನುಗಳ ಬಾಡಿಗೆ ನಮ್ಮದು. ಬುತ್ತಿ ಕಟ್ಟಿಕೊಂಡು ಬರುವವರು ಕಾರ್ಯದರ್ಶಿಗಳಿಗೆ ಹೆಸರು ಕೊಡಿ. ಚಿತ್ರಾನ್ನದ ಸಾಲಿನಲ್ಲಿ ನಮ್ಮನ್ನು ಹಿಡಿದ ತಾಯಿ ಮೊದಲ ವ್ಯಾನಿನಲ್ಲಿ ಬರಲೇಬೇಕು.